ದಸ್ತ್‌ಗಾಹ್: ಇರಾನಿನ ಶಾಸ್ತ್ರೀಯ ಸಂಗೀತದಲ್ಲಿ ಸ್ವರಗಳ ಸಂಚಾರಕ್ರಮ

ಟೆಹರಾನಿನ ಕಛೇರಿಯೊಂದರ ಪ್ರಕಟಣೆಯಲ್ಲಿ 'ಮಾಹೂರ್' ಎಂದಷ್ಟೇ ಬರೆದಿದ್ದರೂ ಅಲ್ಲಿನ ರಸಿಕರಿಗೆ ಅಂದಿನ ಸಂಗೀತದ ಸ್ಥೂಲ ರೂಪ ಗೊತ್ತಾಗಿಬಿಡುತ್ತದೆ. ಹಾಡು ಯಾವ ಸ್ವರದ ಆಸುಪಾಸಿನಲ್ಲಿ ಆರಂಭವಾಗುತ್ತದೆ, ನಡುವೆ ಎಲ್ಲಿ ಬಣ್ಣ ಬದಲಾಗುತ್ತದೆ, ಎಷ್ಟು ಮೇಲಕ್ಕೆ ಏರಿ ಯಾವ ಪಲುಕಿನ ಮೂಲಕ ಮತ್ತೆ ಮೊದಲಿನ ಸ್ವರಕ್ಕೆ ಇಳಿಯುತ್ತದೆ ಎಂಬುದೆಲ್ಲ ಆ ಒಂದು ಹೆಸರಿನಲ್ಲಿ ಅಡಕವಾಗಿದೆ. ರಾಗಸಂಗೀತದಲ್ಲಿ ಪಳಗಿದ ನಾವು ಮೊದಲು ಕೇಳುವ ಪ್ರಶ್ನೆ ಬೇರೆ: ಇದರ ಆರೋಹಣ ಅವರೋಹಣ ಏನು? ಈ ಪ್ರಶ್ನೆಗೆ ಉತ್ತರ ಇಲ್ಲದಿಲ್ಲ. ಮಾಹೂರಿನ ಮೂಲ ಸ್ವರಗಳು ಹೆಚ್ಚುಕಡಿಮೆ ಶಂಕರಾಭರಣದವೇ. ಆದರೆ ಇಷ್ಟು ತಿಳಿದುಕೊಂಡು ಕೇಳಲು ಕುಳಿತವನಿಗೆ ಕಾಲು ಗಂಟೆಯೊಳಗೆ ಶಂಕರಾಭರಣದಲ್ಲಿ ಎಲ್ಲೂ ಇಲ್ಲದ ಸ್ವರಗಳು ಕೇಳಿಸತೊಡಗುತ್ತವೆ, ಮತ್ತು ಅವುಗಳನ್ನು ಅಲ್ಲಿ ಯಾರೂ ಅನ್ಯಸ್ವರವೆಂದು ಕರೆಯುವುದಿಲ್ಲ. ದಸ್ತ್‌ಗಾಹ್ ಎಂಬ ವ್ಯವಸ್ಥೆಯನ್ನು ಅರ್ಥಮಾಡಿಕೊಳ್ಳಬೇಕಾದರೆ ಆ ಸ್ವರಗಳು ಅಲ್ಲಿಗೆ ಹೇಗೆ ಬಂದವು ಎಂಬಲ್ಲಿಂದಲೇ ಹೊರಡುವುದು ಒಳ್ಳೆಯದು.

ಇಂದು ಇರಾನಿನಲ್ಲಿ ಏಳು ದಸ್ತ್‌ಗಾಹ್‌ಗಳನ್ನು ಎಣಿಸುತ್ತಾರೆ: ಶೂರ್, ಮಾಹೂರ್, ಹೊಮಾಯೂನ್, ಸೆಗಾಹ್, ಚಹಾರ್‌ಗಾಹ್, ನವಾ ಮತ್ತು ರಾಸ್ತ್-ಪಂಜ್‌ಗಾಹ್. ಇವುಗಳ ಜೊತೆಗೆ ಆವಾಜ್ ಎಂಬ ಹೆಸರಿನ ಐದು ಉಪವ್ಯವಸ್ಥೆಗಳಿವೆ. ಅಬು ಅತಾ, ದಶ್ತಿ, ಅಫ್ಶಾರಿ, ಬಯಾತ್-ಎ-ತೋರ್ಕ್ ಇವು ನಾಲ್ಕು ಶೂರ್‌ನಿಂದ ಹುಟ್ಟಿದವು. ಬಯಾತ್-ಎ-ಇಸ್ಫಹಾನ್ ಹೊಮಾಯೂನ್‌ನಿಂದ ಹುಟ್ಟಿದ್ದು. ಒಟ್ಟು ಹನ್ನೆರಡು. ಎಪ್ಪತ್ತೆರಡು ಮೇಳಗಳನ್ನೂ ನೂರಾರು ಜನ್ಯರಾಗಗಳನ್ನೂ ಕಂಡವರಿಗೆ ಇದು ಬಡ ಸಂಖ್ಯೆಯೆಂದು ತೋರಬಹುದು. ಆದರೆ ಸಂಪತ್ತು ಇರುವುದು ಈ ಹನ್ನೆರಡು ಹೆಸರುಗಳಲ್ಲಲ್ಲ, ಅವುಗಳ ಒಳಗಿರುವ ಗೂಶೆಗಳಲ್ಲಿ. ಗೂಶೆ ಎಂದರೆ ಸ್ವಂತ ಹೆಸರು, ಸ್ವಂತ ಚಲನೆ, ಬಹುಮಟ್ಟಿಗೆ ಸ್ವಂತ ಪ್ರಧಾನ ಸ್ವರ ಇರುವ ಒಂದು ಕಿರು ಸ್ವರಘಟಕ. ಕೆಲವು ಅರ್ಧ ನಿಮಿಷದಲ್ಲಿ ಮುಗಿಯುತ್ತವೆ, ಕೆಲವು ಹಲವು ನಿಮಿಷ ನಿಲ್ಲುತ್ತವೆ. ದಸ್ತ್‌ಗಾಹ್ ಎಂಬುದು ಇಂಥ ಹಲವು ಗೂಶೆಗಳನ್ನು ಗೊತ್ತಾದ ಅನುಕ್ರಮದಲ್ಲಿ ಪೋಣಿಸಿದ ಮಾಲೆ. ಹನ್ನೆರಡು ಮಾಲೆಗಳೂ ಸೇರಿದ ಇಡೀ ಸಂಗ್ರಹಕ್ಕೆ ರದೀಫ್ ಎಂದು ಹೆಸರು. ಯುನೆಸ್ಕೊ 2009ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡದ್ದು ಈ ರದೀಫನ್ನು. ಅದರಲ್ಲಿ 250ಕ್ಕೂ ಹೆಚ್ಚು ಗೂಶೆಗಳಿವೆ ಎಂಬುದು ಸಾಮಾನ್ಯವಾದ ಲೆಕ್ಕ.

ಮಾಹೂರನ್ನೇ ಹತ್ತಿರದಿಂದ ನೋಡೋಣ. ಅನುಕೂಲಕ್ಕಾಗಿ ಅದರ ನೆಲೆಸ್ವರವನ್ನು ಷಡ್ಜವೆಂದು ಇಟ್ಟುಕೊಂಡು ನಮ್ಮ ಸ್ವರನಾಮಗಳಲ್ಲೇ ಹೇಳುತ್ತೇನೆ. ಮೊದಲು ಬರುವುದು ದರಾಮದ್, ಅಂದರೆ ಪ್ರವೇಶದ ಭಾಗ. ಇಲ್ಲಿ ಸಂಗೀತ ಷಡ್ಜದ ನೆರೆಹೊರೆಯನ್ನು ಬಿಟ್ಟು ದೂರ ಹೋಗುವುದಿಲ್ಲ; ಕೇಳುಗನ ಕಿವಿಯಲ್ಲಿ ಮಾಹೂರ್ ಎಂದರೆ ಇದು ಎಂಬ ನಂಬಿಕೆ ಊರುವವರೆಗೆ ಅಲ್ಲೇ ಸುಳಿದಾಡುತ್ತದೆ. ಆಮೇಲೆ ಬರುವ ಗೂಶೆಗಳಲ್ಲಿ ದಾದ್ ಮುಖ್ಯವಾದದ್ದು. ಸ್ವರಗಳು ಮೊದಲಿನವೇ, ಆದರೆ ಈಗ ಎಲ್ಲ ಎಳೆಗಳೂ ರಿಷಭದ ಮೇಲೆ ಬಂದು ಸೇರುತ್ತವೆ. ಒಂದೇ ಒಂದು ಸ್ವರವೂ ಬದಲಾಗದೆ ಭಾವ ಬದಲಾಗುವ ಜಾಗ ಇದು. ಇನ್ನೂ ಮುಂದೆ ದೆಲ್‌ಕಶ್ ಬರುತ್ತದೆ. ಇಲ್ಲಿ ಕೇಂದ್ರ ಪಂಚಮಕ್ಕೆ ಏರುತ್ತದೆ, ನಿಷಾದ ಕೈಶಿಕಿಗೆ ಇಳಿಯುತ್ತದೆ, ಧೈವತ ಚತುಶ್ರುತಿಯಿಂದ ಸುಮಾರು ಕಾಲು ಸ್ವರದಷ್ಟು ತಗ್ಗುತ್ತದೆ. ಪಂಚಮವನ್ನು ಷಡ್ಜವೆಂದು ಭಾವಿಸಿ ಕೇಳಿದರೆ ಇದು ಅಕ್ಷರಶಃ ಶೂರ್. ಮಾಹೂರಿನ ಉಲ್ಲಾಸದ ನಡುವೆ ಶೂರ್‌ನ ಛಾಯೆ ಹೀಗೆ ಹಠಾತ್ತನೆ ಹಬ್ಬುವ ಕ್ಷಣಕ್ಕಾಗಿ ರಸಿಕರು ಕಾಯುತ್ತಿರುತ್ತಾರೆ. ಕಾಲು ಗಂಟೆಯೊಳಗೆ ನಮಗೆ ಕೇಳಿಸಿದ 'ಅನ್ಯಸ್ವರ'ಗಳು ಇಲ್ಲಿಂದ ಬಂದವು. ಆಮೇಲೆ ಶೆಕಸ್ತೆ, ಅದಾದ ಮೇಲೆ ತಾರಷಡ್ಜದಲ್ಲಿ ನಿಲ್ಲುವ ಅರಾಕ್, ನಂತರ ರಾಕ್ ಎಂಬ ಗೂಶೆಗಳ ಒಂದು ಗುಂಪು. ಆ ಗುಂಪಿನಲ್ಲಿ ರಾಕ್-ಎ-ಹೆಂದಿ, ರಾಕ್-ಎ-ಕಶ್ಮೀರ್ ಎಂಬ ಹೆಸರುಗಳಿವೆ. ಭಾರತದ ನಂಟನ್ನು ಹೆಸರಿನಲ್ಲೇ ಹೊತ್ತಿರುವ ಇವು ಇಂದು ಯಾವ ಭಾರತೀಯ ರಾಗವನ್ನೂ ನೆನಪಿಸುವುದಿಲ್ಲ ಎಂದೇ ನನ್ನ ಕಿವಿ ಹೇಳುತ್ತದೆ.

ಇಡೀ ಸಂಚಾರವನ್ನು ಒಂದಾಗಿ ಹಿಡಿದಿಡುವುದು ಫೊರೂದ್. ಅದು ಇಳಿಕೆಯ ಪಲುಕು. ಪ್ರತಿ ಮುಖ್ಯ ಗೂಶೆಯ ಕೊನೆಗೆ ಮಾಹೂರಿನದೇ ಆದ ಒಂದು ಇಳಿಕೆಯ ಮೂಲಕ ಸಂಗೀತ ಮೂಲ ಷಡ್ಜಕ್ಕೆ ಮರಳಬಹುದು. ದೆಲ್‌ಕಶ್‌ನಿಂದ ಮರಳುವಾಗ ತಗ್ಗಿದ್ದ ಧೈವತ ಮತ್ತು ನಿಷಾದಗಳು ತಮ್ಮ ಮೊದಲಿನ ಸ್ಥಾನಕ್ಕೆ ಬರುತ್ತವೆ, ಆಗ 'ಮಾಹೂರಿಗೆ ಬಂದೆವು' ಎಂಬುದು ಸಂಗೀತ ಕಲಿಯದವರಿಗೂ ಅರಿವಾಗುತ್ತದೆ. ನಮ್ಮ ರಾಗಮಾಲಿಕೆಯಲ್ಲಿ ಒಂದು ರಾಗದಿಂದ ಇನ್ನೊಂದಕ್ಕೆ ದಾಟುವುದು ವಾಗ್ಗೇಯಕಾರನ ಆಯ್ಕೆ. ದಸ್ತ್‌ಗಾಹ್‌ನಲ್ಲಿ ಹೀಗೆ ದಾಟುವ ಕ್ರಮವೇ ಆ ದಸ್ತ್‌ಗಾಹ್‌ನ ವ್ಯಕ್ತಿತ್ವ. ಮೇಲಿನ ಗೂಶೆಗಳು ಒಂದೊಂದೂ ಹಿಂದಿನದಕ್ಕಿಂತ ಕೊಂಚ ಎತ್ತರದಲ್ಲಿ ನೆಲೆಸುವುದು, ಅತಿ ಎತ್ತರದ ಔಜ್ ಮುಟ್ಟಿದ ಮೇಲೆ ಇಳಿಯುವುದು, ಇದು ಬಹುಪಾಲು ದಸ್ತ್‌ಗಾಹ್‌ಗಳ ಸಾಮಾನ್ಯ ವಿನ್ಯಾಸ.

ಎಲ್ಲ ಗೂಶೆಗಳೂ ದೆಲ್‌ಕಶ್‌ನಂತೆ ಸ್ವರಸ್ವಭಾವವನ್ನೇ ಬದಲಿಸುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಉದಾಹರಣೆಗೆ ಕೆರೆಶ್ಮೆ ಎಂಬ ಗೂಶೆಯ ಗುರುತು ಅದರ ಲಯದಲ್ಲಿದೆ; ಪರ್ಷಿಯನ್ ಕಾವ್ಯದ ಒಂದು ಛಂದಸ್ಸಿನ ನಡೆಯನ್ನು ಅದು ಯಾವ ದಸ್ತ್‌ಗಾಹ್‌ಗೆ ಹೋದರೂ ಬಿಡುವುದಿಲ್ಲ. ಅದು ಹಲವು ದಸ್ತ್‌ಗಾಹ್‌ಗಳಲ್ಲಿ ಆಯಾ ಸ್ವರಗಳನ್ನು ಉಟ್ಟುಕೊಂಡು ಕಾಣಿಸಿಕೊಳ್ಳುತ್ತದೆ.

ಸ್ವರಗಳಿಗೆ ಇಲ್ಲಿ ಹಂಚಿಕೆಯಾಗುವ ಕೆಲಸಗಳು ನಾಲ್ಕಾರು. ಎಲ್ಲಕ್ಕಿಂತ ಹೆಚ್ಚು ಮೀಟಿಸಿಕೊಳ್ಳುವ, ಎಲ್ಲ ಎಳೆಗಳೂ ಸುತ್ತುವ ಸ್ವರ ಶಾಹೆದ್. ನಮ್ಮ ಜೀವಸ್ವರಕ್ಕೆ, ಹಿಂದೂಸ್ತಾನಿಯ ವಾದಿಗೆ ಹತ್ತಿರವಾದದ್ದು, ಆದರೆ ಗೂಶೆ ಬದಲಾದಂತೆ ತಾನೂ ಬದಲಾಗುವಂಥದ್ದು. ವಾಕ್ಯದ ನಡುವೆ ಉಸಿರು ನಿಲ್ಲಿಸುವ ಸ್ವರ ಈಸ್ತ್. ಏರುವಾಗ ಒಂದು ಸ್ಥಾನದಲ್ಲಿದ್ದು ಇಳಿಯುವಾಗ ಇನ್ನೊಂದಕ್ಕೆ ಸರಿಯುವ ಸ್ವರ ಮೊತಗಯ್ಯೆರ್. ಈ ಕೆಲಸಗಳ ಹಂಚಿಕೆ ಎಷ್ಟು ನಿರ್ಣಾಯಕವೆಂಬುದಕ್ಕೆ ಶೂರ್ ಮತ್ತು ಅದರ ಮಕ್ಕಳಿಗಿಂತ ಒಳ್ಳೆಯ ನಿದರ್ಶನವಿಲ್ಲ. ಶೂರ್‌ನ ಸ್ವರಗಳನ್ನು ನಟಭೈರವಿಯ ಸ್ವರಗಳೆಂದು ತಿಳಿಯಿರಿ, ಒಂದೇ ವ್ಯತ್ಯಾಸವೆಂದರೆ ರಿಷಭ ಶುದ್ಧವೂ ಅಲ್ಲದ ಚತುಶ್ರುತಿಯೂ ಅಲ್ಲದ ನಡುವಿನ ಜಾಗದಲ್ಲಿದೆ. ಅಪ್ಪನ ಆಸ್ತಿಯನ್ನು ಹಂಚಿಕೊಂಡು ಬೇರೆ ಒಲೆ ಹೂಡಿದ ಮಕ್ಕಳಂತೆ ನಾಲ್ಕು ಆವಾಜ್‌ಗಳೂ ಇದೇ ಸ್ವರಗಳನ್ನು ಇಟ್ಟುಕೊಂಡು ಬೇರೆ ಬೇರೆ ಸಂಸಾರ ನಡೆಸುತ್ತವೆ. ಅಬು ಅತಾದಲ್ಲಿ ಶಾಹೆದ್ ಮಧ್ಯಮ, ಈಸ್ತ್ ಆ ನಡುವಿನ ರಿಷಭ. ಬಯಾತ್-ಎ-ತೋರ್ಕ್‌ನಲ್ಲಿ ಶೂರ್‌ನ ಗಾಂಧಾರವೇ ಶಾಹೆದ್, ಅದೇ ನೆಲೆ. ಗ್ರಹಭೇದ ಬಲ್ಲವರಿಗೆ ಇದರ ಪರಿಣಾಮ ಕೂಡಲೇ ಹೊಳೆಯುತ್ತದೆ: ನಟಭೈರವಿಯ ಗಾಂಧಾರವನ್ನು ಷಡ್ಜ ಮಾಡಿದರೆ ಶಂಕರಾಭರಣ ಬರುವಂತೆ ಇಲ್ಲಿಯೂ ತಿಳಿಯಾದ, ಬೆಳಕಿನ ಸ್ವಭಾವದ ಸ್ವರಗುಚ್ಛ ಬರುತ್ತದೆ, ಅದರ ನಿಷಾದ ಮಾತ್ರ ಕಾಕಲಿ ಮತ್ತು ಕೈಶಿಕಿಗಳ ನಡುವೆ ನಿಲ್ಲುತ್ತದೆ. 1955ರಲ್ಲಿ ಧ್ವನಿಮುದ್ರಣಗೊಂಡು ಇರಾನಿನಾದ್ಯಂತ ಮನೆಮಾತಾದ ರಹೀಮ್ ಮೊಅಜ್ಜೆನ್‌ಜಾದೆ ಅರ್ದಬೀಲಿ ಅವರ ಅಜಾನ್ ಇದೇ ಬಯಾತ್-ಎ-ತೋರ್ಕ್‌ನ ಒಂದು ಗೂಶೆಯಲ್ಲಿದೆ.

ದಶ್ತಿಯ ಕಥೆ ಇನ್ನೂ ಸ್ವಾರಸ್ಯಕರ. ಅಲ್ಲಿ ಶಾಹೆದ್ ಪಂಚಮ. ಮತ್ತು ಮೊತಗಯ್ಯೆರ್ ಕೂಡ ಅದೇ ಪಂಚಮ. ಏರುವಾಗ ಸ್ಥಿರವಾಗಿ ನಿಂತ ಸ್ವರ ಇಳಿಯುವಾಗ ಸುಮಾರು ಕಾಲು ಸ್ವರ ಕುಸಿಯುತ್ತದೆ. ಷಡ್ಜ ಪಂಚಮಗಳು ಅಚಲವೆಂದು ತಂಬೂರಿಯ ಮುಂದೆ ಕಲಿತ ನಮಗೆ ಇದು ಮೊದಮೊದಲು ಅಪಸ್ವರದಂತೆ ಕೇಳಿಸುತ್ತದೆ. ಇರಾನಿನ ಸಂಗೀತದಲ್ಲಿ ನಿರಂತರ ಶ್ರುತಿ ಹಿಡಿಯುವ ತಂಬೂರಿ ಇಲ್ಲ. ಅಚಲ ಸ್ವರದ ಮೇಲೆ ಇಡೀ ಕಟ್ಟಡ ನಿಂತಿಲ್ಲವಾದ್ದರಿಂದಲೇ ನೆಲೆಯನ್ನು ಷಡ್ಜದಿಂದ ಪಂಚಮಕ್ಕೋ ಗಾಂಧಾರಕ್ಕೋ ಸರಾಗವಾಗಿ ಸರಿಸಲು ಸಾಧ್ಯವಾಗಿದೆ ಎಂಬುದು ನನ್ನ ಅಭಿಪ್ರಾಯ.

ಉಳಿದ ದಸ್ತ್‌ಗಾಹ್‌ಗಳಲ್ಲಿ ನಮ್ಮ ಕಿವಿಗೆ ಬೇಗ ಒಗ್ಗುವುದು ಚಹಾರ್‌ಗಾಹ್. ಸರಳೆ ವರಸೆ ಕಲಿತ ಪ್ರತಿಯೊಬ್ಬರಿಗೂ ಗೊತ್ತಿರುವ ಮಾಯಾಮಾಳವಗೌಳದ ರಿಷಭ ಧೈವತಗಳನ್ನು ಕಾಲು ಸ್ವರದಷ್ಟು ಮೇಲಕ್ಕೆ ಎತ್ತಿದರೆ ಅದರ ಸ್ವರಗಳು ಸಿಗುತ್ತವೆ. ಬಯಾತ್-ಎ-ಇಸ್ಫಹಾನ್ ಕೀರವಾಣಿಯ ನೆರೆಯದು, ಧೈವತ ಮಾತ್ರ ಸ್ವಲ್ಪ ಎತ್ತರ. ಹೊಮಾಯೂನ್‌ನ ಶಾಹೆದ್ ಅದರ ಎರಡನೆಯ ಸ್ವರ. ಸೆಗಾಹ್ ತನ್ನ ನೆಲೆಯನ್ನೇ ನಡುವಿನ ಸ್ಥಾನದ ಸ್ವರವೊಂದರ ಮೇಲೆ ಹೂಡುತ್ತದೆ.

ನಡುವಿನ ಸ್ಥಾನ, ಕಾಲು ಸ್ವರ ಎಂದು ಇಷ್ಟು ಹೊತ್ತು ಹೇಳಿದ್ದು ಲೆಕ್ಕದಲ್ಲಿ ಎಷ್ಟು? ಈ ಪ್ರಶ್ನೆಯ ಸುತ್ತ ಇರಾನಿನಲ್ಲಿ ಒಂದು ಶತಮಾನದ ವಾದವಿದೆ. ಸೇನೆಯಲ್ಲಿ ಕರ್ನಲ್ ಆಗಿದ್ದು, ಫ್ರಾನ್ಸ್ ಮತ್ತು ಜರ್ಮನಿಯಲ್ಲಿ ಸಂಗೀತ ಓದಿ ಬಂದು, 1923ರಲ್ಲಿ ಟೆಹರಾನಿನಲ್ಲಿ ಸಂಗೀತ ಶಾಲೆ ತೆರೆದ ಅಲಿ-ನಕಿ ವಜೀರಿ ಅವರು ಸ್ಥಾಯಿಯನ್ನು 24 ಸಮಾನ ಕಾಲು ಸ್ವರಗಳಾಗಿ ಭಾಗಿಸಿದರು. ಪಾಶ್ಚಾತ್ಯ ಸ್ವರಲಿಪಿಯಲ್ಲಿ ಇರಾನಿನ ಸಂಗೀತ ಬರೆಯಲು ಎರಡು ಹೊಸ ಚಿಹ್ನೆಗಳನ್ನು ರೂಪಿಸಿದರು: ಸ್ವರವನ್ನು ಕಾಲು ಪಾಲು ತಗ್ಗಿಸುವ ಕೊರೊನ್, ಕಾಲು ಪಾಲು ಏರಿಸುವ ಸೊರಿ. ಚಿಹ್ನೆಗಳು ಉಳಿದವು, ಇಂದಿಗೂ ಎಲ್ಲರೂ ಅವನ್ನೇ ಬಳಸುತ್ತಾರೆ. ಸಮಾನ ವಿಭಜನೆ ಮಾತ್ರ ನಿಲ್ಲಲಿಲ್ಲ. ನಿಜವಾಗಿ ನುಡಿಸುವವರ ವಾದ್ಯಗಳನ್ನು ಅಳೆದು ನೋಡಿದ ಹೊರ್ಮೊಜ್ ಫರ್ಹಾತ್ ಅವರ ಅಧ್ಯಯನ ಬೇರೆಯದೇ ಚಿತ್ರ ಕೊಟ್ಟಿತು. ಸ್ಥಾಯಿಯೊಂದನ್ನು 1200 ಸೆಂಟ್ ಎಂದು ಇಟ್ಟುಕೊಂಡರೆ ಅರ್ಧ ಸ್ವರ ಸುಮಾರು 90 ಸೆಂಟ್, ಪೂರ್ಣ ಸ್ವರ ಸುಮಾರು 204. ಇವೆರಡರ ನಡುವೆ ಇರುವುದು ಒಂದೇ ಅಂತರವಲ್ಲ, ಎರಡು: ಸಣ್ಣದು ಸುಮಾರು 135 ಸೆಂಟ್, ದೊಡ್ಡದು ಸುಮಾರು 160. ಪೂರ್ಣ ಸ್ವರಕ್ಕಿಂತ ದೊಡ್ಡದಾದ ಸುಮಾರು 270 ಸೆಂಟಿನ ಇನ್ನೊಂದು ಅಂತರವೂ ಇದೆ. ಶೂರ್‌ನ ಷಡ್ಜದಿಂದ ರಿಷಭಕ್ಕೆ ಸಣ್ಣದು, ರಿಷಭದಿಂದ ಗಾಂಧಾರಕ್ಕೆ ದೊಡ್ಡದು, ಅಲ್ಲಿಂದ ಮಧ್ಯಮಕ್ಕೆ ಪೂರ್ಣ ಸ್ವರ. ಮೂರನ್ನೂ ಕೂಡಿದರೆ 499, ಶುದ್ಧ ಮಧ್ಯಮದ ಅಳತೆಗೆ ಸರಿಹೊಂದುತ್ತದೆ. ಚಹಾರ್‌ಗಾಹ್‌ನಲ್ಲಿ ಅದೇ ದೂರವನ್ನು 135, 270, 90 ಎಂದು ಕ್ರಮಿಸುತ್ತಾರೆ. ನಡುವಿನ ಅಂತರಗಳು ವಾದಕನಿಂದ ವಾದಕನಿಗೆ, ಗೂಶೆಯಿಂದ ಗೂಶೆಗೆ ಕೊಂಚ ಹಿಗ್ಗಿ ಕುಗ್ಗುತ್ತವೆ ಎಂಬುದೂ ಅಷ್ಟೇ ಮುಖ್ಯ. ನಮ್ಮಲ್ಲಿ ಇಪ್ಪತ್ತೆರಡು ಶ್ರುತಿಗಳ ಲೆಕ್ಕ ಹಿಡಿದು ಜಗಳವಾಡಿದವರಿಗೆ ಈ ವಾದದ ರುಚಿ ಚೆನ್ನಾಗಿ ಗೊತ್ತಿರುತ್ತದೆ.

ವಾದ್ಯಗಳ ರಚನೆಯೂ ಈ ಹಿಗ್ಗು ಕುಗ್ಗಿಗೆ ಹೊಂದಿಕೊಂಡಿದೆ. ತಾರ್ ಮತ್ತು ಸೆತಾರ್‌ಗಳ ಮೆಟ್ಟುಗಳು ಪ್ರಾಣಿಯ ಕರುಳಿನ ತಂತಿಯನ್ನು ದಂಡಿಗೆ ಸುತ್ತಿ ಕಟ್ಟಿದ ಗಂಟುಗಳು. ನಮ್ಮ ವೀಣೆಯಲ್ಲಿ ಮೇಣದ ಮೇಲೆ ಕೂರಿಸಿದ ಮೆಟ್ಟುಗಳಂತೆ ಸ್ಥಿರವಲ್ಲ; ವಾದಕ ಬೆರಳಿನಿಂದ ತುಸು ಸರಿಸಿ ತನಗೆ ಬೇಕಾದ ಕೊರೊನ್ ಸ್ಥಾನವನ್ನು ಹೊಂದಿಸಿಕೊಳ್ಳುತ್ತಾನೆ. ಸಂತೂರ್‌ನ ಕಷ್ಟ ಬೇರೆ. ಒಂಬತ್ತು ಮತ್ತು ಒಂಬತ್ತು, ಒಟ್ಟು ಹದಿನೆಂಟು ಕುದುರೆಗಳ ಮೇಲೆ ನಾಲ್ಕು ನಾಲ್ಕರಂತೆ 72 ತಂತಿಗಳು. ಒಂದು ದಸ್ತ್‌ಗಾಹ್‌ಗೆ ಶ್ರುತಿ ಮಾಡಿದ ಮೇಲೆ ಇನ್ನೊಂದಕ್ಕೆ ಹೋಗಬೇಕಾದರೆ ಹಲವು ತಂತಿಗಳನ್ನು ಮತ್ತೆ ಬಿಗಿಯಬೇಕು. ಕಮಾನಿನಿಂದ ನುಡಿಸುವ ಕಮಾಂಚೆಗೆ ಮೆಟ್ಟುಗಳಿಲ್ಲ, ನೈ ಎಂಬ ಕೊಳಲಿಗೆ ತುಟಿ ಹಲ್ಲುಗಳ ಹಿಡಿತವೇ ದಾರಿ. ಇವೆರಡೂ ಕಂಠಕ್ಕೆ ಹತ್ತಿರದವು.

ಏಳು ದಸ್ತ್‌ಗಾಹ್‌ಗಳೆಂಬ ಈ ವಿಂಗಡಣೆ ಬಹಳ ಪ್ರಾಚೀನವೆಂದು ತಿಳಿಯಬಾರದು. ಹದಿಮೂರನೆಯ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಸಫಿ ಅಲ್-ದೀನ್ ಉರ್ಮವಿ ಅವರು ಸ್ಥಾಯಿಯನ್ನು 17 ಅಂತರಗಳಾಗಿ ಭಾಗಿಸಿ ಹನ್ನೆರಡು ಮಖಾಮ್‌ಗಳ, ಅಂದರೆ ಸ್ವರವಿನ್ಯಾಸಗಳ, ವ್ಯವಸ್ಥೆಯನ್ನು ವಿವರಿಸಿದ್ದರು. 1435ರಲ್ಲಿ ತೀರಿಕೊಂಡ ಅಬ್ದುಲ್ ಖಾದಿರ್ ಮರಾಗಿ ಅವರು ಅದನ್ನೇ ವಿಸ್ತರಿಸಿದರು. ಈಗ ನಾವು ನೋಡುವ ರೂಪ ಸ್ಪಷ್ಟವಾಗಿ ಕಾಣಿಸುವುದು ಹತ್ತೊಂಬತ್ತನೆಯ ಶತಮಾನದ ಕಾಜಾರ್ ಅರಮನೆಯಲ್ಲಿ. ನಾಸಿರ್ ಅಲ್-ದೀನ್ ಶಾಹನ ಆಸ್ಥಾನದಲ್ಲಿ ತಾರ್ ನುಡಿಸುತ್ತಿದ್ದ ಅಲಿ ಅಕ್ಬರ್ ಫರಾಹಾನಿ, ಅವರಿಂದ ಕಲಿತ ಸೋದರನ ಮಗ ಗೊಲಾಮ್ ಹೊಸೇನ್, ಆತನಿಂದ ಕಲಿತ ಅಲಿ ಅಕ್ಬರರ ಮಕ್ಕಳಾದ ಮಿರ್ಜಾ ಅಬ್ದುಲ್ಲಾ ಮತ್ತು ಆಕಾ ಹೊಸೇನ್-ಕೊಲಿ, ಹೀಗೆ ಒಂದೇ ಮನೆತನದ ಕೈಯಲ್ಲಿ ರದೀಫ್ ಕ್ರಮಬದ್ಧವಾಯಿತು. ಮಿರ್ಜಾ ಅಬ್ದುಲ್ಲಾ (1843–1918) ತನಗೆ ಬಂದದ್ದನ್ನು ಬಚ್ಚಿಡದೆ ಕಲಿಸಿದವರು. ಆತನ ಪಾಠ ಶಿಷ್ಯ ಇಸ್ಮಾಯಿಲ್ ಕಹ್ರೆಮಾನಿ ಅವರ ಮೂಲಕ ಕಣ್ಣು ಕಾಣದ ವಿದ್ವಾಂಸ ನೂರ್ ಅಲಿ ಬೊರೂಮಂದ್ ಅವರಿಗೆ ತಲುಪಿತು. ಬೊರೂಮಂದ್ ಅದನ್ನು ಟೆಹರಾನ್ ವಿಶ್ವವಿದ್ಯಾಲಯದಲ್ಲಿ ಕಲಿಸಿದರು, ತಾವೇ ನುಡಿಸಿ ಧ್ವನಿಮುದ್ರಿಸಿದರು. ಇಂದು ಸ್ವರಲಿಪಿಯಲ್ಲಿ ಸಿಗುವ ಮಿರ್ಜಾ ಅಬ್ದುಲ್ಲಾ ರದೀಫಿಗೆ ಆ ಧ್ವನಿಮುದ್ರಣವೇ ಆಧಾರ. ಗಾಯಕರಿಗೆ ಬೇರೆ ರದೀಫ್‌ಗಳಿವೆ. ಅಬ್ದುಲ್ಲಾ ದವಾಮಿ ಮತ್ತು ಮಹಮೂದ್ ಕರೀಮಿ ಅವರ ಪಾಠಾಂತರಗಳು ಹೆಸರಾದವು.

ವಜೀರಿಯವರ ಪ್ರಸಂಗಕ್ಕೆ ಇನ್ನೊಂದು ಬಾಲವಿದೆ, ಇಡೀ ವಿಷಯದ ತಿರುಳು ಅದರಲ್ಲಿದೆ. ಸ್ವರಶ್ರೇಣಿಯನ್ನೇ ಅಳತೆಗೋಲಾಗಿ ಹಿಡಿದ ಅವರು ನವಾವನ್ನು ಶೂರ್‌ಗೆ, ರಾಸ್ತ್-ಪಂಜ್‌ಗಾಹನ್ನು ಮಾಹೂರ್‌ಗೆ ಸೇರಿಸಿ ಐದೇ ದಸ್ತ್‌ಗಾಹ್ ಸಾಕೆಂದರು. ಶ್ರೇಣಿಯ ಲೆಕ್ಕದಲ್ಲಿ ಅವರು ತಪ್ಪಿರಲಿಲ್ಲ. ನವಾದ ಸ್ವರಗಳು ಶೂರ್‌ನವೇ, ರಾಸ್ತ್-ಪಂಜ್‌ಗಾಹ್‌ನವು ಮಾಹೂರಿನವೇ. ಆದರೆ ಸಂಗೀತಗಾರರು ಒಪ್ಪಲಿಲ್ಲ, ಇಂದಿಗೂ ಏಳೆಂದೇ ಎಣಿಸುತ್ತಾರೆ. ನವಾದಲ್ಲಿ ಗರ್ದಾನಿಯೆ, ನಹೊಫ್ತ್, ನೈಶಾಬೂರಕ್ ಮುಂತಾದ ಗೂಶೆಗಳ ಸಾಲು ಬೇರೆ, ಶಾಹೆದ್ ನಾಲ್ಕನೆಯ ಸ್ವರ, ಇಳಿಕೆಯ ಪಲುಕು ಬೇರೆ. ರಾಸ್ತ್-ಪಂಜ್‌ಗಾಹ್ ಅಂತೂ ಬಹುಪಾಲು ಇತರ ದಸ್ತ್‌ಗಾಹ್‌ಗಳ ಅಂಗಳಕ್ಕೆ ಹೋಗಿ ಬರುವ ಸುದೀರ್ಘ ಸಂಚಾರ; ಕಛೇರಿಗಳಲ್ಲಿ ಅಪರೂಪಕ್ಕೆ ಕೇಳಿಸುವ ಅದನ್ನು ಒಂದು ದಸ್ತ್‌ಗಾಹ್‌ನಿಂದ ಇನ್ನೊಂದಕ್ಕೆ ದಾಟುವ ವಿದ್ಯೆಯ ಪಾಠವಾಗಿ ಕಲಿಯುತ್ತಾರೆ.

ವಿದ್ಯಾರ್ಥಿ ರದೀಫನ್ನು ವರ್ಷಗಟ್ಟಲೆ ಕೂತು ಕಂಠಪಾಠ ಮಾಡುತ್ತಾನೆ, ಆದರೆ ಕಛೇರಿಯಲ್ಲಿ ಅದನ್ನು ಹಾಗೆಯೇ ಒಪ್ಪಿಸುವುದಿಲ್ಲ. ಕೆಲವು ಗೂಶೆಗಳನ್ನು ಆರಿಸಿ, ಅವುಗಳ ಅಸ್ಥಿಪಂಜರವನ್ನು ಉಳಿಸಿಕೊಂಡು, ಆ ಕ್ಷಣದ ಮನೋಧರ್ಮದಂತೆ ಬೆಳೆಸುತ್ತಾನೆ. ಗಾಯನದ ಮುಖ್ಯ ಭಾಗ ತಾಳಕ್ಕೆ ಕಟ್ಟುಬೀಳದ ಆವಾಜ್. ಐದು ಉಪವ್ಯವಸ್ಥೆಗಳಿಗೂ ಇದೇ ಹೆಸರಿರುವುದು ಹೊಸಬರನ್ನು ಗೊಂದಲಕ್ಕೆ ಕೆಡವುತ್ತದೆ. ಹಾಫಿಜ್‌ನದೋ ಸಾದಿಯದೋ ಗಜಲ್ ಹಿಡಿದು ಗಾಯಕ ಒಂದೊಂದು ಗೂಶೆಗೆ ಒಂದೊಂದು ದ್ವಿಪದಿಯನ್ನು ಹೊಂದಿಸುತ್ತಾನೆ. ಯಾವ ಮಾತು ಕೆಳಗಿನ ದರಾಮದ್‌ಗೆ, ಯಾವ ಮಾತು ಮೇಲಿನ ಔಜ್‌ಗೆ ತಕ್ಕುದು ಎಂದು ನಿರ್ಧರಿಸುವುದರಲ್ಲೇ ಅರ್ಧ ವಿದ್ವತ್ತು ತೋರುತ್ತದೆ. ಕವಿತೆಯ ಸಾಲು ಮುಗಿದಲ್ಲಿ ತಹರೀರ್ ಹೊಮ್ಮುತ್ತದೆ: ಎದೆಯ ದನಿಯಿಂದ ಮೇಲಿನ ಕಳ್ಳದನಿಗೆ ಕ್ಷಣಾರ್ಧದಲ್ಲಿ ಜಿಗಿದು ಮರಳುತ್ತಾ ದನಿಯನ್ನು ತುಂಡು ತುಂಡಾಗಿ ಉದುರಿಸುವ ಅಲಂಕಾರ. ಗಮಕದಲ್ಲಿ ಸ್ವರ ಜಾರುತ್ತದೆ, ಇಲ್ಲಿ ಮುರಿಯುತ್ತದೆ. ಗಾಯಕ ನಿಲ್ಲಿಸಿದೊಡನೆ ತಾರ್ ಅಥವಾ ಕಮಾಂಚೆ ಆ ಎಳೆಯನ್ನೇ ಎತ್ತಿಕೊಂಡು ಉತ್ತರ ಕೊಡುತ್ತದೆ. ಇದರ ಹಿಂದೆ ಮುಂದೆ ತಾಳಬದ್ಧ ರಚನೆಗಳಿರುತ್ತವೆ: ಆರಂಭಕ್ಕೆ ವಾದ್ಯವೃಂದದ ಪೀಶ್‌ದರಾಮದ್, ನಡುವೆ ಚುರುಕಾದ ಚಹಾರ್‌ಮೆಜ್ರಾಬ್, ಕೊನೆಗೆ ತಸ್ನೀಫ್ ಎಂಬ ಹಾಡು ಮತ್ತು ರೆಂಗ್ ಎಂಬ ಕುಣಿತದ ಗತ್ತು. ಇವುಗಳಲ್ಲಿ ಪೀಶ್‌ದರಾಮದ್ ತೀರ ಈಚಿನದು. 1926ರಲ್ಲಿ ತೀರಿಕೊಂಡ ತಾರ್ ವಾದಕ ದರ್ವೀಶ್ ಖಾನ್ ಅವರ ಕಾಲದಲ್ಲಿ ರೂಢಿಗೆ ಬಂತು.

ಪ್ರತಿ ದಸ್ತ್‌ಗಾಹ್‌ಗೂ ಒಂದು ಭಾವವನ್ನು ಅಂಟಿಸುವ ಪರಿಪಾಠ ಅಲ್ಲಿಯೂ ಇದೆ. ಚಹಾರ್‌ಗಾಹ್ ವೀರಕ್ಕೂ ಮದುವೆಯ ಹಾಡಿಗೂ, ದಶ್ತಿ ಅಗಲಿಕೆಯ ದುಃಖಕ್ಕೆ, ಎಂದು ಪುಸ್ತಕಗಳು ಹೇಳುತ್ತವೆ. ಆದರೆ 1944ರಲ್ಲಿ ರೂಹೊಲ್ಲಾ ಖಾಲೆಕಿ ಅವರು ರಾಗ ಹಾಕಿದ, ಇರಾನಿಗರು ಎದೆ ಸೆಟೆಸಿ ಹಾಡುವ 'ಎಯ್ ಇರಾನ್' ಎಂಬ ದೇಶಗೀತೆ ಇರುವುದು ಅದೇ ದಶ್ತಿಯಲ್ಲಿ. ಲಯ, ಸಾಹಿತ್ಯ, ಸ್ವರಗಳ ಮೇಲಿನ ಒತ್ತು ಬದಲಾದಾಗ ದಶ್ತಿಯೂ ಕಹಳೆಯಾಗಬಲ್ಲದು. ಭಾವದ ಪಟ್ಟಿಗಳನ್ನು ನಾನು ಹೆಚ್ಚು ನೆಚ್ಚದಿರುವುದು ಇದಕ್ಕೇ.

ಈ ವ್ಯವಸ್ಥೆ ಮುಚ್ಚಿದ ಪೆಟ್ಟಿಗೆಯೂ ಅಲ್ಲ. ಒಂದು ದಸ್ತ್‌ಗಾಹ್‌ನಲ್ಲಿ ಆರಂಭಿಸಿ, ಎರಡಕ್ಕೂ ಸಮಾನವಾದ ಗೂಶೆಯೊಂದರ ಮೂಲಕ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ದಾಟಿ, ದಾರಿ ತಪ್ಪದೆ ಮೊದಲಿನದಕ್ಕೇ ಮರಳುವ ಗಾಯನಕ್ಕೆ ಮೊರಕ್ಕಬ್-ಖಾನಿ ಎನ್ನುತ್ತಾರೆ. 2020ರಲ್ಲಿ ನಿಧನರಾದ ಮೊಹಮ್ಮದ್-ರೆಜಾ ಶಜರಿಯಾನ್ ಅವರು ಅದರಲ್ಲಿ ಸಿದ್ಧಹಸ್ತರಾಗಿದ್ದರು. ತಾರ್ ವಾದಕ ಹೊಸೇನ್ ಅಲಿಜಾದೆ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಾಹೂರಿನ ಎರಡನೆಯ ಸ್ವರದ ಮೇಲೆ ನಿಲ್ಲುವ ದಾದ್ ಗೂಶೆಯನ್ನೂ ಹೊಮಾಯೂನಿನ ಐದನೆಯ ಸ್ವರದ ಮೇಲೆ ನಿಲ್ಲುವ ಬೀದಾದ್ ಗೂಶೆಯನ್ನೂ ಬೆಸೆದು 'ದಾದ್-ಒ-ಬೀದಾದ್' ಎಂಬ ಹೊಸ ಸಂಚಾರವನ್ನೇ ಕಟ್ಟಿದರು. ಬಿಡಿ ಸ್ವರಗಳನ್ನು ಕೂಡಿಸಿ ಹೊಸ ಶ್ರೇಣಿ ಹೆಣೆಯುವ ಬದಲು ಕೇಳುಗರ ಕಿವಿಯಲ್ಲಿ ಆಗಲೇ ಮನೆ ಮಾಡಿದ್ದ ಎರಡು ಗೂಶೆಗಳಿಂದ ಅವರು ಹೊರಟರು; ರದೀಫ್ ಬಲ್ಲ ಕೇಳುಗ ಅದರಲ್ಲಿ ಎಲ್ಲಿ ಮಾಹೂರ್ ಮುಗಿದು ಎಲ್ಲಿ ಹೊಮಾಯೂನ್ ಒಳಬಂತು ಎಂಬುದನ್ನು ಗುರುತಿಸುತ್ತಲೇ ಕೇಳುತ್ತಾನೆ.